ದಾಳಕ್ಕೊಂದು ಪ್ರಸ್ತಾರ

ಮೂರು ದಾಳಗಳನ್ನು ಅಂಗೈಯಲ್ಲಿ ಕುಲುಕಿ ಒಮ್ಮೆಗೇ ಉರುಳಿಸಿದಾಗ ಮೇಲೆ ಕಾಣುವ ಚುಕ್ಕಿಗಳ ಮೊತ್ತ ಒಂಬತ್ತಾಗುವ ಸಂಭವ ಹೆಚ್ಚೋ, ಹತ್ತಾಗುವ ಸಂಭವ ಹೆಚ್ಚೋ? ಕೇಳುಗರು ಒಂದು ಕ್ಷಣ ಯೋಚಿಸಬೇಕೆಂದು ಕೋರುತ್ತೇನೆ. ಸಾಧ್ಯವಿದ್ದವರು ಒಂದು ಕಾಗದದ ಚೂರನ್ನೂ ಸೀಸದಕಡ್ಡಿಯನ್ನೂ ಹತ್ತಿರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಂಬತ್ತು ಬರುವ ಬಗೆಗಳನ್ನು ಮೊದಲು ಬರೆಯೋಣ: ಒಂದು-ಎರಡು-ಆರು, ಒಂದು-ಮೂರು-ಐದು, ಒಂದು-ನಾಲ್ಕು-ನಾಲ್ಕು, ಎರಡು-ಎರಡು-ಐದು, ಎರಡು-ಮೂರು-ನಾಲ್ಕು, ಮೂರು-ಮೂರು-ಮೂರು. ಒಟ್ಟು ಆರು ಬಗೆ. ಇನ್ನು ಹತ್ತು: ಒಂದು-ಮೂರು-ಆರು, ಒಂದು-ನಾಲ್ಕು-ಐದು, ಎರಡು-ಎರಡು-ಆರು, ಎರಡು-ಮೂರು-ಐದು, ಎರಡು-ನಾಲ್ಕು-ನಾಲ್ಕು, ಮೂರು-ಮೂರು-ನಾಲ್ಕು. ಇವೂ ಆರೇ. ಆರಕ್ಕೆ ಆರು ಸರಿಹೋಯಿತಲ್ಲ, ಎರಡೂ ಸಮಾನವೆಂದು ತೀರ್ಮಾನಿಸಿ ಸೀಸದಕಡ್ಡಿಯನ್ನು ಕೆಳಗಿಡುವವರೇ ನಮ್ಮಲ್ಲಿ ಬಹುಮಂದಿ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಜೂಜುಗಾರರು ಈ ತೀರ್ಮಾನವನ್ನು ಒಪ್ಪಿರಲಿಲ್ಲ. ಅವರೂ ನಮ್ಮಂತೆಯೇ ಆರು, ಆರು ಎಂದು ಎಣಿಸಿದ್ದವರೇ. ಆದರೆ ಬಹುಕಾಲ ಆಡಿ ಆಡಿ ಅವರಿಗೆ ಒಂದು ಅನುಮಾನ ಗಟ್ಟಿಯಾಗಿತ್ತು: ಒಂಬತ್ತಿಗಿಂತ ಹತ್ತರ ಮೇಲೆ ಪಣ ಕಟ್ಟುವುದು ಲಾಭಕರ. ಎಣಿಕೆ ಸಮಾನವೆನ್ನುತ್ತದೆ, ಅನುಭವ ಸಮಾನವಲ್ಲವೆನ್ನುತ್ತದೆ. ಈ ವಿರೋಧಕ್ಕೆ ಪರಿಹಾರ ಹೇಳಬೇಕೆಂದು ಅಪ್ಪಣೆಯಾದದ್ದು ಬೇರೆ ಯಾರಿಗೂ ಅಲ್ಲ, ೧೬೧೦ರಿಂದ ಟಸ್ಕನಿಯ ಮಹಾಪ್ರಭುವಿನ ಆಶ್ರಯದಲ್ಲಿ ಗಣಿತಜ್ಞನಾಗಿದ್ದ ಗೆಲಿಲಿಯೊನಿಗೆ. ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿ ಗುರುಗ್ರಹದ ಚಂದ್ರರನ್ನು ಕಂಡ ಕಣ್ಣು ಈ ಸಲ ಜೂಜಿನ ಹಲಗೆಯ ಕಡೆಗೆ ತಿರುಗಿತು. ಅವನು ಬರೆದದ್ದು ಕೆಲವೇ ಪುಟ. ಅದು ಅಚ್ಚಾದದ್ದು ಅವನು ೧೬೪೨ರಲ್ಲಿ ತೀರಿಕೊಂಡು ಬಹುಕಾಲವಾದ ಮೇಲೆ.

ಗೆಲಿಲಿಯೊ ಹೇಳಿದ್ದು ಇಷ್ಟು. ಒಂದು-ಎರಡು-ಆರು ಎಂಬುದು ಒಂದು ಬಗೆಯಲ್ಲ, ಆರು ಬಗೆ. ನಿಮ್ಮ ಮೂರು ದಾಳಗಳಿಗೆ ಕೆಂಪು, ಹಸುರು, ಬಿಳಿ ಬಣ್ಣ ಹಚ್ಚಿದೆಯೆಂದು ಭಾವಿಸಿ. ಕೆಂಪಿನಲ್ಲಿ ಒಂದು, ಹಸುರಿನಲ್ಲಿ ಎರಡು, ಬಿಳಿಯಲ್ಲಿ ಆರು ಬಿದ್ದರೂ ಅದೇ ಮೊತ್ತ. ಕೆಂಪಿನಲ್ಲಿ ಆರು, ಹಸುರಿನಲ್ಲಿ ಒಂದು, ಬಿಳಿಯಲ್ಲಿ ಎರಡು ಬಿದ್ದರೂ ಅದೇ ಮೊತ್ತ. ಹೀಗೆ ಆರು ವಿಧ. ಒಂದು-ನಾಲ್ಕು-ನಾಲ್ಕು ಮೂರೇ ವಿಧ, ಏಕೆಂದರೆ ಆ ಒಂದು ಯಾವ ಬಣ್ಣದ ದಾಳದ್ದೆಂಬುದಷ್ಟೇ ಅಲ್ಲಿ ಬದಲಾಗುತ್ತದೆ. ಮೂರು-ಮೂರು-ಮೂರಕ್ಕೆ ಒಂದೇ ವಿಧ. ಹೀಗೆ ಬಿಡಿಸಿ ಎಣಿಸಿದರೆ ಮೂರು ದಾಳಗಳು ಬೀಳುವ ವಿಧಗಳು ಒಟ್ಟು ೨೧೬. ಅವುಗಳಲ್ಲಿ ಹತ್ತಕ್ಕೆ ೨೭, ಒಂಬತ್ತಕ್ಕೆ ೨೫. ಜೂಜುಗಾರರ ಅನುಮಾನ ನಿಜವಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಆ ಜೂಜುಗಾರರನ್ನು ನೆನೆಯಬೇಕು. ೨೭ಕ್ಕೂ ೨೫ಕ್ಕೂ ಇರುವ ಅಂತರ ಇನ್ನೂರಹದಿನಾರರಲ್ಲಿ ಎರಡು, ಎಂದರೆ ನೂರೆಂಟು ಎಸೆತಕ್ಕೆ ಒಂದು. ಜಪಸರ ಒಂದು ಸುತ್ತು ತಿರುಗಿದರೆ ಒಂದು ಮಣಿಯಷ್ಟು ವ್ಯತ್ಯಾಸ. ಇದು ಕೈಗೆ ತಿಳಿಯಬೇಕಾದರೆ ಎಷ್ಟು ಸಾವಿರ ಸಲ ದಾಳ ಉರುಳಿರಬೇಕು, ಎಷ್ಟು ಮನೆಗಳು ಮುರಿದಿರಬೇಕು! ಅವರ ವ್ಯಸನವನ್ನು ಯಾರೂ ಹೊಗಳರು. ಆದರೆ ತಮ್ಮ ಎಣಿಕೆಗಿಂತ ಕಂಡದ್ದನ್ನು ಹೆಚ್ಚಾಗಿ ನಂಬಿದ ಅವರ ನಿಷ್ಠೆ ಅನೇಕ ಪಂಡಿತರಿಗೆ ಇರಲಿಲ್ಲ. ಅದು ಮುಂದೆ ತಿಳಿಯುತ್ತದೆ.

ನಾನು ಗಣಿತದ ಅಧ್ಯಾಪಕನಲ್ಲ, ಎಂ.ಎ. ಓದಿದ್ದು ಕನ್ನಡ, ಪಾಠ ಹೇಳಿದ್ದೂ ಕನ್ನಡ. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಛಂದಸ್ಸಿನ ಬಾಗಿಲಿನಿಂದ. ಲಘು, ಗುರು ಎಂಬ ಎರಡೇ ಬಗೆಯ ಅಕ್ಷರಗಳಿಂದ ಎಷ್ಟು ವಿನ್ಯಾಸಗಳಾಗಬಹುದೆಂದು ಒಂದೂ ಬಿಡದೆ ಸಾಲುಸಾಲಾಗಿ ಬರೆದು ತೋರಿಸುವುದಕ್ಕೆ ನಮ್ಮ ಲಾಕ್ಷಣಿಕರು ಪ್ರಸ್ತಾರವೆಂದು ಹೆಸರಿಟ್ಟರು. ಎರಡು ಅಕ್ಷರಗಳಿಗೆ ಗುರು-ಗುರು, ಲಘು-ಗುರು, ಗುರು-ಲಘು, ಲಘು-ಲಘು ಎಂದು ನಾಲ್ಕು ಸಾಲು. ಮೂರು ಅಕ್ಷರಗಳಿಗೆ ಎಂಟು. ಅವೇ ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳು. ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ ಶಾಲೆಯ ಹುಡುಗನಿಗೂ ಗೊತ್ತು: ಯಗಣ, ರಗಣ, ತಗಣ ಈ ಮೂರರಲ್ಲೂ ಒಂದೊಂದು ಲಘು, ಎರಡೆರಡು ಗುರು. ಸಾಮಗ್ರಿ ಒಂದೇ, ಲಘು ಕುಳಿತ ಸ್ಥಾನ ಮಾತ್ರ ಬೇರೆ. ಆದರೂ ಅವು ಮೂರು ಗಣಗಳು. ಯಗಣ ಬರಬೇಕಾದಲ್ಲಿ ರಗಣವನ್ನಿಟ್ಟರೆ ವೃತ್ತ ಮುರಿಯುತ್ತದೆ, ಕಿವಿಯೇ ಹೇಳಿಬಿಡುತ್ತದೆ. ಗೆಲಿಲಿಯೊ ದಾಳಗಳಿಗೆ ಹಾಕಿದ್ದು ಇದೇ ಪ್ರಸ್ತಾರವನ್ನು.

ನಮ್ಮಲ್ಲಿ ಇನ್ನೊಂದು ಬಗೆಯ ಎಣಿಕೆಯೂ ಇತ್ತು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸಿ ಕೂಡಿಸುವ ಬಗೆಗಳೆಷ್ಟು ಎಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ. ಅವನ ಉದಾಹರಣೆಗಳಲ್ಲೊಂದು ಷಡ್ರಸಗಳ ಮಿಶ್ರಣ. ಇಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಹುಳಿಗೆ ಸಿಹಿ ಬೆರೆಸಿದರೂ ಸಿಹಿಗೆ ಹುಳಿ ಬೆರೆಸಿದರೂ ನಾಲಗೆಗೆ ಅದು ಒಂದೇ ಗೊಜ್ಜು. ಹೀಗೆ ಛಂದಸ್ಸಿನಲ್ಲಿ ಲಘು-ಗುರು ಬೇರೆ, ಗುರು-ಲಘು ಬೇರೆ. ಅಡುಗೆಯಲ್ಲಿ ಹುಳಿ-ಸಿಹಿ, ಸಿಹಿ-ಹುಳಿ ಒಂದೇ. ಎರಡು ಲೆಕ್ಕಗಳೂ ತಮ್ಮ ತಮ್ಮ ಸ್ಥಾನದಲ್ಲಿ ಸರಿ. ದಾಳವು ಇವೆರಡರಲ್ಲಿ ಯಾವುದರ ಜಾತಿ ಎಂಬುದೇ ಪ್ರಶ್ನೆ. ನಮ್ಮ ಮನಸ್ಸು ಅದನ್ನು ಗೊಜ್ಜಿನಂತೆ ಎಣಿಸಹೋಗುತ್ತದೆ. ದಾಳ ಬೀಳುವುದು ಗಣದಂತೆ.

ಇಷ್ಟೆಲ್ಲ ಇದ್ದ ಮೇಲೆ ಸಂಭವಶಾಸ್ತ್ರವೂ ನಮ್ಮಲ್ಲೇ ಹುಟ್ಟಿತೆಂದು ಹೇಳಿಬಿಡುವ ಚಪಲ ಕೆಲವರಿಗೆ ಆಗುತ್ತದೆ. ಅದಕ್ಕೆ ನಳೋಪಾಖ್ಯಾನದ ಆಧಾರವನ್ನೂ ತರುತ್ತಾರೆ. ಕನ್ನಡಿಗರಿಗೆ ಕನಕದಾಸರ ‘ನಳಚರಿತ್ರೆ’ಯಿಂದ ಆ ಕಥೆ ಮನೆಮಾತು. ಮಹಾಭಾರತದ ವನಪರ್ವದಲ್ಲಿ ಋತುಪರ್ಣ ರಾಜನು, ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿದ್ದ ನಳನಿಗೆ ದಾರಿಯ ತಾರೆಮರವನ್ನು ತೋರಿಸಿ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ನೋಟಮಾತ್ರದಿಂದ ಹೇಳುತ್ತಾನೆ. ನಳ ನಂಬುವುದಿಲ್ಲ, ರಥ ನಿಲ್ಲಿಸಿ, ಇಳಿದು, ಎಣಿಸಿಯೇ ನೋಡುತ್ತಾನೆ. ಲೆಕ್ಕ ಸರಿಬರುತ್ತದೆ. ಆಗ ಋತುಪರ್ಣನಿಂದ ಅವನು ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು, ಪಡೆಯುತ್ತಾನೆ. ಎಣಿಸುವ ವಿದ್ಯೆಯೂ ದಾಳದ ವಿದ್ಯೆಯೂ ಒಂದೇ ಕಡೆ ಇರುವುದು, ಪ್ರಾಚೀನ ಕಾಲದಲ್ಲಿ ತಾರೆಕಾಯಿಯನ್ನೇ ದಾಳವಾಗಿ ಬಳಸುತ್ತಿದ್ದುದು, ಇವೆಲ್ಲ ನಿಜಕ್ಕೂ ಸ್ವಾರಸ್ಯಕರ. ಇಯಾನ್ ಹ್ಯಾಕಿಂಗ್ ಎಂಬ ವಿದ್ವಾಂಸರು ೧೯೭೫ರಲ್ಲಿ ಸಂಭವ ಕಲ್ಪನೆಯ ಉಗಮವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಕಥೆಯ ಕಡೆಗೆ ಗಮನ ಸೆಳೆದಿದ್ದಾರೆ. ಆದರೆ ಕಥೆಯಲ್ಲಿ ಅಕ್ಷಹೃದಯದ ಹೆಸರು ಉಳಿದಿದೆ, ಪಾಠ ಉಳಿದಿಲ್ಲ. ಪ್ರಸ್ತಾರ ಛಂದಸ್ಸಿನ ಓಲೆಯಲ್ಲಿ ಉಳಿಯಿತು, ದಾಳ ಜಗಲಿಯಲ್ಲಿ ಉಳಿಯಿತು. ಅವೆರಡನ್ನು ಜೋಡಿಸಿದ ಗ್ರಂಥವನ್ನು ನಾನು ಕಂಡಿಲ್ಲ. ಹಿರಿಯರು ಮಾಡಿದ್ದನ್ನು ಮಾಡಿದರೆಂದು ಹೇಳಿದರೆ ಸಾಲದೆ? ಮಾಡದಿದ್ದುದನ್ನೂ ಅವರ ತಲೆಗೆ ಕಟ್ಟುವುದು ಗೌರವವಲ್ಲ.

ಅತ್ತ ಯೂರೋಪಿನಲ್ಲಿಯೂ ಗೆಲಿಲಿಯೊನ ಪಾಠ ಎಲ್ಲರ ತಲೆಗೂ ಹತ್ತಲಿಲ್ಲ. ಮುಂದಿನ ಹೆಸರು ಕೇಳಿದರೆ ಆಶ್ಚರ್ಯವಾದೀತು. ಜರ್ಮನಿಯ ಲೈಬ್ನಿಟ್ಸ್, ನ್ಯೂಟನ್ನನಿಗೆ ಸರಿಜೋಡಿಯಾಗಿ ಕಲನಶಾಸ್ತ್ರವನ್ನು ಕಟ್ಟಿದವನು, ಇಪ್ಪತ್ತರ ಹರೆಯದಲ್ಲೇ ೧೬೬೬ರಲ್ಲಿ ಜೋಡಣೆಗಳ ಕಲೆಯನ್ನು ಕುರಿತು ಪುಸ್ತಕ ಪ್ರಕಟಿಸಿದವನು, ೧೭೧೪ರಲ್ಲಿ ಬೂರ್ಗೆ ಎಂಬ ಸ್ನೇಹಿತನಿಗೆ ಪತ್ರ ಬರೆಯುತ್ತ, ಎರಡು ದಾಳಗಳಿಂದ ಹನ್ನೊಂದು ಬರುವುದೂ ಹನ್ನೆರಡು ಬರುವುದೂ ಸಮಾನವೆಂದುಬಿಟ್ಟನು. ಹನ್ನೆರಡಕ್ಕೆ ಆರು-ಆರು ಒಂದೇ ಬಗೆ, ಹನ್ನೊಂದಕ್ಕೆ ಐದು-ಆರು ಒಂದೇ ಬಗೆ ಎಂಬುದು ಅವನ ವಾದ. ಐದು-ಆರು ಬೇರೆ, ಆರು-ಐದು ಬೇರೆ ಎಂಬುದು ಹೊಳೆಯಲಿಲ್ಲ. ವಾಸ್ತವವಾಗಿ ಹನ್ನೊಂದು ಹನ್ನೆರಡರ ಎರಡರಷ್ಟು ಸಲ ಬೀಳುತ್ತದೆ. ಗೆಲಿಲಿಯೊ ಕಾಲದ ಜೂಜುಗಾರರು ಕಂಡದ್ದು ನೂರೆಂಟಕ್ಕೊಂದರ ಅಂತರ, ಲೈಬ್ನಿಟ್ಸನಿಗೆ ಕಾಣದೆಹೋದದ್ದು ಇಮ್ಮಡಿಯ ಅಂತರ! ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಸೊನ್ನೆ, ಒಂದು ಎಂಬ ಎರಡೇ ಅಂಕೆಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವ ದ್ವಿಮಾನ ಪದ್ಧತಿಯನ್ನು ವಿವರಿಸಿ ೧೭೦೩ರಲ್ಲಿ ಲೇಖನ ಬರೆದವನೂ ಇದೇ ಲೈಬ್ನಿಟ್ಸ್. ಆ ಪದ್ಧತಿಯ ಜೀವವೇ ಸ್ಥಾನ. ಅಲ್ಲಿ ೦೧ ಎಂದರೆ ಒಂದು, ೧೦ ಎಂದರೆ ಎರಡು. ಅಂಕೆಗಳಲ್ಲಿ ಸ್ಥಾನದ ಮಹಿಮೆಯನ್ನು ಸಾರಿದವನು ದಾಳಗಳಲ್ಲಿ ಅದನ್ನು ಮರೆತನು.

ಲೈಬ್ನಿಟ್ಸನ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು. ಅವನ ಎಣಿಕೆ ನಿಜವಾಗುವ ಲೋಕವೊಂದಿದೆ. ಅದನ್ನು ತೋರಿಸಿದವರು ನಮ್ಮ ದೇಶದವರು. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಕುರಿತ ಒಂದು ಸಣ್ಣ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ಸ್ವತಃ ಜರ್ಮನ್ ಭಾಷೆಗೆ ತಂದು ಅಚ್ಚಿಗೆ ಕೊಟ್ಟರು. ಆ ಲೇಖನದಲ್ಲಿ ಅಡಗಿದ್ದ ಎಣಿಕೆಯ ಕ್ರಮವನ್ನು ದಾಳದ ಮಾತಿಗೆ ತಿರುಗಿಸಿ ಹೇಳುವುದಾದರೆ, ಬೆಳಕಿನ ಕಣಗಳಿಗೆ ಕೆಂಪು, ಹಸುರು ಎಂದು ಬಣ್ಣ ಹಚ್ಚಲಾಗದು; ಇದು ಮೊದಲನೆಯದು, ಅದು ಎರಡನೆಯದು ಎಂಬ ಭೇದವೇ ಅವಕ್ಕಿಲ್ಲ. ಎರಡು ಕಣಗಳು ಎರಡು ಸ್ಥಿತಿಗಳಲ್ಲಿ ಇರುವ ಬಗೆ ನಾಲ್ಕಲ್ಲ, ಮೂರು. ಆ ಮೂರೂ ಸಮಾನ. ಸೃಷ್ಟಿಯು ದಾಳದಲ್ಲಿ ಛಂದಸ್ಸಿನ ಲೆಕ್ಕ ಹಾಕುತ್ತದೆ, ಬೆಳಕಿನಲ್ಲಿ ಗೊಜ್ಜಿನ ಲೆಕ್ಕ ಹಾಕುತ್ತದೆ. ಎಲ್ಲಿ ಯಾವುದು ಎಂಬುದನ್ನು ಪ್ರಯೋಗ ಹೇಳಬೇಕೇ ಹೊರತು ಕೋಣೆಯೊಳಗೆ ಕುಳಿತ ತರ್ಕ ಹೇಳಲಾರದು.

ಇಲ್ಲಿಯವರೆಗೆ ಹೇಳಿದ್ದು ಸ್ಥಾನಭೇದವನ್ನು ಮರೆಯುವ ತಪ್ಪು. ಇದಕ್ಕಿಂತ ಸೂಕ್ಷ್ಮವಾದ, ಹೆಚ್ಚು ಅಪಾಯಕಾರಿಯಾದ ಇನ್ನೊಂದು ತಪ್ಪಿದೆ. ಅದಕ್ಕಾಗಿ ಅರುವತ್ತು ವರ್ಷ ಹಿಂದಕ್ಕೆ, ೧೬೫೪ರ ಫ್ರಾನ್ಸಿಗೆ ಹೋಗಬೇಕು. ಆ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಪಾಸ್ಕಲ್, ತೂಲೂಸಿನ ಫರ್ಮಾ ಎಂಬ ಇಬ್ಬರು ಮಹಾಗಣಿತಜ್ಞರು ಜೂಜಿನ ಸಮಸ್ಯೆಗಳನ್ನು ಕುರಿತು ಪತ್ರಗಳನ್ನು ಬರೆದುಕೊಂಡರು. ಸಂಭವಶಾಸ್ತ್ರದ ಜನ್ಮಪತ್ರಿಕೆಯೆಂದು ಆ ಓಲೆಗಳನ್ನು ಕರೆಯುವುದು ವಾಡಿಕೆ. ಇಬ್ಬರು ಆಟಗಾರರು ತಲಾ ೩೨ ಚಿನ್ನದ ನಾಣ್ಯಗಳನ್ನು ಪಣವಿಟ್ಟಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ ಅರುವತ್ನಾಲ್ಕೂ ಸೇರಬೇಕು. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಆಟ ಅಲ್ಲಿಗೇ ನಿಂತರೆ ಹಣವನ್ನು ಹಂಚುವುದು ಹೇಗೆ? ಉತ್ತರ: ಮೊದಲಿನವನಿಗೆ ೪೮, ಎರಡನೆಯವನಿಗೆ ೧೬. ಫರ್ಮಾನ ದಾರಿ ಸರಳ. ಇನ್ನು ಎರಡು ಆಟಗಳು ನಡೆದೇ ನಡೆದವೆಂದು ಭಾವಿಸಿ ಪ್ರಸ್ತಾರ ಹಾಕಿದರೆ ನಾಲ್ಕು ಸಾಲು. ಮೂರರಲ್ಲಿ ಮೊದಲಿನವನಿಗೆ ಪಣ, ಒಂದರಲ್ಲಿ ಮಾತ್ರ ಎರಡನೆಯವನಿಗೆ.

ಇದಕ್ಕೆ ರೋಬರ್ವಾಲ್ ಎಂಬ ಇನ್ನೊಬ್ಬ ಗಣಿತಜ್ಞ ಅಡ್ಡಿಮಾಡಿದ ಸಂಗತಿಯನ್ನು ಪಾಸ್ಕಲನೇ ಬರೆದಿದ್ದಾನೆ. ಅವನ ಆಕ್ಷೇಪವನ್ನು ನಮ್ಮ ಉದಾಹರಣೆಗೆ ಅನ್ವಯಿಸಿದರೆ ಹೀಗಾಗುತ್ತದೆ: ಮುಂದಿನ ಆಟವನ್ನು ಮೊದಲಿನವನು ಗೆದ್ದರೆ ಅಲ್ಲಿಗೆ ಮುಗಿಯಿತು, ಎರಡನೆಯ ಆಟ ನಡೆಯುವುದೇ ಇಲ್ಲ, ನಡೆಯದ ಆಟವನ್ನು ನಡೆಯಿತೆಂದು ಎಣಿಸುವುದು ಯಾವ ನ್ಯಾಯ? ಕೇಳಿದರೆ ಸರಿಯೆನಿಸುವ ಮಾತು. ನೂರು ವರ್ಷಗಳ ಮೇಲೆ ಅದೇ ಮಾತು ಇನ್ನೂ ದೊಡ್ಡ ಕಂಠದಿಂದ ಹೊರಟಿತು. ದಿದೆರೋನೊಡನೆ ಫ್ರೆಂಚ್ ವಿಶ್ವಕೋಶದ ಸಂಪಾದಕನಾಗಿದ್ದ ದಾಲಂಬೇರ್, ೧೭೫೪ರಲ್ಲಿ ಬಂದ ಅದರ ನಾಲ್ಕನೆಯ ಸಂಪುಟದಲ್ಲಿ ನಾಣ್ಯ ಚಿಮ್ಮುವ ಆಟವನ್ನು ಕುರಿತು ಲೇಖನ ಬರೆದನು. ಎರಡು ಸಲ ಚಿಮ್ಮುವುದರೊಳಗೆ ಒಂದು ಸಲವಾದರೂ ಶಿಲುಬೆಯ ಮುಖ ಮೇಲಾಗಿ ಬೀಳುವ ಸಂಭವ ಎಷ್ಟು? ಎಲ್ಲರೂ ಹೇಳುತ್ತಿದ್ದುದು ನಾಲ್ಕರಲ್ಲಿ ಮೂರು. ದಾಲಂಬೇರ್ ಒಪ್ಪಲಿಲ್ಲ. ಮೊದಲ ಸಲವೇ ಶಿಲುಬೆ ಬಿದ್ದರೆ ಎರಡನೆಯ ಸಲ ಚಿಮ್ಮುವ ಪ್ರಮೇಯವೇ ಇಲ್ಲ. ಆದ್ದರಿಂದ ಸಾಲುಗಳು ಮೂರೇ: ಮೊದಲೇ ಶಿಲುಬೆ; ಮೊದಲು ಹಿಮ್ಮುಖ, ಆಮೇಲೆ ಶಿಲುಬೆ; ಎರಡು ಸಲವೂ ಹಿಮ್ಮುಖ. ಮೂರರಲ್ಲಿ ಎರಡು ಅನುಕೂಲ. ಸಂಭವ ಮೂರರಲ್ಲಿ ಎರಡು.

ಸಾಲುಗಳನ್ನು ಬರೆದದ್ದರಲ್ಲಿ ಅವನು ತಪ್ಪಲಿಲ್ಲ, ಗಮನಿಸಿ. ಒಂದೂ ಬಿಟ್ಟುಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ. ತಪ್ಪಿದ್ದು ಆ ಮೂರೂ ಸಾಲುಗಳಿಗೆ ಒಂದೇ ತೂಕ ಕಟ್ಟಿದ್ದರಲ್ಲಿ. ಇದನ್ನು ಛಂದಸ್ಸಿನ ಭಾಷೆಯಲ್ಲಿ ಹೇಳಿದರೆ ಕನ್ನಡಿಗರಿಗೆ ತಟಕ್ಕನೆ ತಿಳಿಯುತ್ತದೆ. ‘ಕಮಲ’ ಎಂಬುದೂ ಮೂರಕ್ಷರ, ‘ನೀಲಾಂಗಿ’ ಎಂಬುದೂ ಮೂರಕ್ಷರ. ಆದರೆ ‘ಕಮಲ’ಕ್ಕೆ ಮೂರು ಮಾತ್ರೆ, ‘ನೀಲಾಂಗಿ’ಗೆ ಐದು. ಷಟ್ಪದಿಯನ್ನೋ ಕಂದವನ್ನೋ ಅಕ್ಷರ ಎಣಿಸಿ ಬರೆಯಹೊರಟವನಿಗೆ ಪದ್ಯ ಕೈಗೆ ಬರುವುದಿಲ್ಲ. ಅಲ್ಲಿ ಎಣಿಸಬೇಕಾದದ್ದು ಮಾತ್ರೆಯನ್ನು. ದಾಲಂಬೇರನ ಮೊದಲನೆಯ ಸಾಲು ಗುರು, ಅದಕ್ಕೆ ಎರಡು ಮಾತ್ರೆ; ಉಳಿದೆರಡು ಸಾಲುಗಳು ಲಘು, ಒಂದೊಂದೇ ಮಾತ್ರೆ. ಒಟ್ಟು ನಾಲ್ಕು ಮಾತ್ರೆ, ಶಿಲುಬೆಯ ಪಾಲಿಗೆ ಮೂರು. ಫರ್ಮಾ ನಡೆಯದ ಆಟವನ್ನು ನಡೆಯಿತೆಂದು ಭಾವಿಸಿದ್ದು ಸುಳ್ಳು ಹೇಳುವುದಕ್ಕಲ್ಲ, ಗುರುವನ್ನು ಎರಡು ಲಘುವಾಗಿ ಒಡೆದು ಎಣಿಕೆಯನ್ನು ಸುಲಭ ಮಾಡುವುದಕ್ಕೆ. ಜಿನೀವದ ನೆಕರ್ ಎಂಬ ಪ್ರಾಧ್ಯಾಪಕ ಈ ಮೂರು ಸಾಲುಗಳು ಸಮಾನವಲ್ಲವೆಂದು ದಾಲಂಬೇರನಿಗೆ ಬರೆದು ತಿಳಿಸಿದನು. ದಾಲಂಬೇರ್ ಆ ಆಕ್ಷೇಪವನ್ನು ತನ್ನ ವಿಶ್ವಕೋಶದ ಇನ್ನೊಂದು ಸಂಪುಟದಲ್ಲಿ ಅಚ್ಚುಮಾಡಿಸಿದನು. ತನ್ನ ಸಂದೇಹವನ್ನು ಮಾತ್ರ ಪೂರ್ತಿ ಬಿಟ್ಟುಕೊಡಲಿಲ್ಲ. ವಾದದಲ್ಲಿ ಸೋತರೂ ಸೌಜನ್ಯದಲ್ಲಿ ಗೆದ್ದನೆನ್ನಬಹುದು.

ಇದೆಲ್ಲ ಹಳೆಯ ಕಾಲದ ಮಾತು, ಈಗಿನವರು ಹೀಗೆ ಎಡವುವುದಿಲ್ಲವೆಂದುಕೊಳ್ಳಬೇಡಿ. ಅಮೆರಿಕದ ಟೆಲಿವಿಷನ್ನಿನಲ್ಲಿ ೧೯೬೩ರಿಂದ ಮಾಂಟಿ ಹಾಲ್ ಎಂಬಾತ ನಡೆಸಿಕೊಡುತ್ತಿದ್ದ ಬಹುಮಾನದ ಆಟವೊಂದಿತ್ತು. ಅದರ ನೆನಪಿನಿಂದ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೭೫ರಲ್ಲಿ ಒಂದು ಒಗಟನ್ನು ಪ್ರಕಟಿಸಿದರು. ಅದು ಊರೆಲ್ಲ ಸದ್ದುಮಾಡಿದ್ದು ೧೯೯೦ರ ಸೆಪ್ಟೆಂಬರಿನಲ್ಲಿ, ‘ಪೆರೇಡ್’ ಎಂಬ ಪತ್ರಿಕೆಯ ಅಂಕಣಗಾರ್ತಿ ಮೆರಿಲಿನ್ ವಾಸ್ ಸವಾಂಟ್ ಅದಕ್ಕೆ ಉತ್ತರ ಬರೆದಾಗ. ಮೂರು ಮುಚ್ಚಿದ ಬಾಗಿಲುಗಳು. ಒಂದರ ಹಿಂದೆ ಮೋಟಾರು ಕಾರು, ಉಳಿದೆರಡರ ಹಿಂದೆ ಮೇಕೆಗಳು. ನೀವು ಒಂದನೆಯ ಬಾಗಿಲನ್ನು ಆರಿಸಿದಿರೆನ್ನಿ. ಕಾರು ಎಲ್ಲಿದೆಯೆಂದು ಬಲ್ಲ ಯಜಮಾನನು ಉಳಿದೆರಡರಲ್ಲಿ ಮೇಕೆಯಿರುವ ಒಂದು ಬಾಗಿಲನ್ನು ತೆರೆದು ತೋರಿಸುತ್ತಾನೆ. ಎರಡರಲ್ಲೂ ಮೇಕೆಯಿದ್ದರೆ ಮನಸ್ಸಿಗೆ ಬಂದ ಒಂದನ್ನು ತೆರೆಯುತ್ತಾನೆ. ಇಷ್ಟಾದ ಮೇಲೆ, “ನಿಮ್ಮ ಬಾಗಿಲನ್ನೇ ಇಟ್ಟುಕೊಳ್ಳುವಿರೋ, ಇನ್ನೊಂದಕ್ಕೆ ಬದಲಾಯಿಸುವಿರೋ?” ಎಂದು ಕೇಳುತ್ತಾನೆ. ಬದಲಾಯಿಸಿದರೆ ಗೆಲ್ಲುವ ಸಂಭವ ಮೂರರಲ್ಲಿ ಎರಡು ಎಂದು ಆಕೆ ಬರೆದರು. ಸುಮಾರು ಹತ್ತು ಸಾವಿರ ಪತ್ರಗಳು ಬಂದವು, ಹೆಚ್ಚಿನವು ಆಕೆ ತಪ್ಪೆಂದು ಹೇಳಲು. ಬರೆದವರಲ್ಲಿ ಡಾಕ್ಟರೇಟ್ ಪಡೆದವರೇ ಸಾವಿರದ ಸಮೀಪ. ಮುಚ್ಚಿದ ಬಾಗಿಲುಗಳು ಎರಡು, ಆದ್ದರಿಂದ ಸಮಪಾಲು ಎಂಬುದು ಅವರ ಸಿದ್ಧಾಂತ. ಕೆಲವು ಪತ್ರಗಳ ಭಾಷೆ ಶಿಷ್ಟರಿಗೆ ತಕ್ಕುದಾಗಿರಲಿಲ್ಲ.

ಸಾಲುಗಳನ್ನು ಬರೆದು ನೋಡೋಣ. ಕಾರು ಒಂದರಲ್ಲಿ, ತೆರೆದದ್ದು ಎರಡು. ಕಾರು ಒಂದರಲ್ಲಿ, ತೆರೆದದ್ದು ಮೂರು. ಕಾರು ಎರಡರಲ್ಲಿ, ತೆರೆದದ್ದು ಮೂರು. ಕಾರು ಮೂರರಲ್ಲಿ, ತೆರೆದದ್ದು ಎರಡು. ನಾಲ್ಕು ಸಾಲು, ಎರಡರಲ್ಲಿ ಬದಲಾಯಿಸಿದವನಿಗೆ ಗೆಲುವು, ಎರಡರಲ್ಲಿ ಸೋಲು. ಅಕ್ಷರ ಎಣಿಸುವವನಿಗೆ ಇದು ಸಮಪಾಲು. ಮಾತ್ರೆ ಎಣಿಸಿ. ಕಾರು ಮೂರು ಬಾಗಿಲುಗಳಲ್ಲಿಯೂ ಸಮಾನವಾಗಿ ಇರಬಹುದಾದ್ದರಿಂದ ಪ್ರತಿ ಬಾಗಿಲಿಗೂ ಎರಡೆರಡು ಮಾತ್ರೆ ಕೊಡೋಣ. ಕಾರು ಎರಡರಲ್ಲೋ ಮೂರರಲ್ಲೋ ಇದ್ದರೆ ಯಜಮಾನನಿಗೆ ಆಯ್ಕೆಯೇ ಇಲ್ಲ. ಒಂದೇ ಸಾಲು, ಪೂರ್ತಿ ಎರಡು ಮಾತ್ರೆಯ ಗುರು. ಕಾರು ನೀವು ಆರಿಸಿದ ಒಂದನೆಯದರಲ್ಲೇ ಇದ್ದರೆ ಆ ಎರಡು ಮಾತ್ರೆ ಎರಡು ಸಾಲುಗಳಿಗೆ ಹಂಚಿಹೋಗಿ ತಲಾ ಒಂದೊಂದಾಗುತ್ತದೆ. ಒಟ್ಟು ಆರು ಮಾತ್ರೆಗಳಲ್ಲಿ ನಾಲ್ಕು ಬದಲಾಯಿಸುವವನ ಪಾಲು. ದಾಲಂಬೇರ್ ಜಾರಿದ ಮೆಟ್ಟಿಲು ಇದೇ.

ಹಂಗರಿಯ ಪಾಲ್ ಏರ್ಡಶ್, ಇಪ್ಪತ್ತನೆಯ ಶತಮಾನದ ಮಹಾಗಣಿತಜ್ಞರಲ್ಲಿ ಒಬ್ಬರು, ಈ ಉತ್ತರವನ್ನು ಮೊದಲು ಒಪ್ಪಲಿಲ್ಲವಂತೆ. ಸ್ನೇಹಿತರೊಬ್ಬರು ಗಣಕಯಂತ್ರದಲ್ಲಿ ಈ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆಯೇ ಅವರು ಮಣಿದದ್ದು. ಏರ್ಡಶ್ಶರನ್ನು ನೋಡಿ ನಗುವ ಕಾರಣವಿಲ್ಲ. ಗೆಲಿಲಿಯೊ ಕಾಲದ ಜೂಜುಗಾರರ ದಾರಿಯನ್ನೇ ಅವರು ಹಿಡಿದರು. ಋತುಪರ್ಣನ ಮಾತನ್ನು ನಂಬದೆ ರಥದಿಂದ ಇಳಿದ ನಳನೂ ಮಾಡಿದ್ದು ಅಷ್ಟೇ.

ಕಾರು, ಮೇಕೆ, ನಾಣ್ಯ, ಇವುಗಳಲ್ಲಿ ಎಡವಿದರೆ ಹೋಗುವುದು ಮಾನವೋ ಹಣವೋ. ಮನುಷ್ಯನ ಬಾಳೇ ಪಣವಾದ ಒಂದು ಪ್ರಸಂಗವನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ವಕೀಲೆಯಾಗಿದ್ದ ಒಬ್ಬ ತಾಯಿಯ ಎಳೆಗೂಸು ೧೯೯೬ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿತು. ಎರಡನೆಯ ಕೂಸು ೧೯೯೮ರ ಜನವರಿಯಲ್ಲಿ ಹಾಗೆಯೇ ತೀರಿಕೊಂಡಿತು. ತಾಯಿಯೇ ಕೊಂದಳೆಂದು ಮೊಕದ್ದಮೆ ಹೂಡಿದರು. ಆ ಬಗೆಯ ಕುಟುಂಬದಲ್ಲಿ ಹಸುಗೂಸು ಕಾರಣ ತಿಳಿಯದೆ ಸಾಯುವ ಸಂಭವ ೮,೫೪೩ರಲ್ಲಿ ಒಂದು. ಎರಡು ಕೂಸುಗಳು ಹಾಗೆ ಸಾಯುವ ಸಂಭವ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟರಲ್ಲಿ ಒಂದು, ಎಂದರೆ ಸುಮಾರು ೭ ಕೋಟಿ ೩೦ ಲಕ್ಷದಲ್ಲಿ ಒಂದು, ಎಂದು ಹೆಸರಾಂತ ಮಕ್ಕಳ ವೈದ್ಯರೊಬ್ಬರು ಸಾಕ್ಷ್ಯ ನುಡಿದರು. ೧೯೯೯ರ ನವೆಂಬರಿನಲ್ಲಿ ಚೆಸ್ಟರ್ ನಗರದ ನ್ಯಾಯಾಲಯ ಆ ತಾಯಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಗುಣಿಸಿದ್ದೇ ಮೊದಲ ತಪ್ಪು. ಒಂದೇ ತಂದೆತಾಯಿಗಳ, ಒಂದೇ ಮನೆಯ ಎರಡು ಕೂಸುಗಳು ಎರಡು ದಾಳಗಳಲ್ಲ. ಒಂದನ್ನು ಬಲಿ ತೆಗೆದುಕೊಂಡ ದೋಷ ರಕ್ತದಲ್ಲೋ ಪರಿಸರದಲ್ಲೋ ಇದ್ದರೆ ಇನ್ನೊಂದಕ್ಕೂ ಅದೇ ಕಾದಿರುತ್ತದೆ. ಎರಡನೆಯ ತಪ್ಪು ಇದಕ್ಕಿಂತ ಘೋರ. ಏಳೂಕಾಲು ಕೋಟಿಗೊಂದು ಎಂಬ ಮಾತು ಕಿವಿಗೆ ಬಿದ್ದೊಡನೆ, ಆಕೆ ನಿರಪರಾಧಿಯಾಗಿರುವ ಸಂಭವವೇ ಅಷ್ಟು ಸ್ವಲ್ಪವೆಂದು ಮನಸ್ಸು ತಾನಾಗಿ ತಿರುಚಿಕೊಳ್ಳುತ್ತದೆ. ಆದರೆ ನಡೆದದ್ದು ನಡೆದುಹೋಗಿತ್ತು, ಎರಡು ಕೂಸುಗಳು ಸತ್ತಿದ್ದವು. ಅದಕ್ಕೆ ವಿವರ ಹೇಳುವ ಸಾಲುಗಳು ಎರಡು: ಎರಡೂ ಸಹಜ ಮರಣ, ಅಥವಾ ಎರಡೂ ಕೊಲೆ. ಒಬ್ಬ ತಾಯಿ ತನ್ನ ಎರಡು ಹಸುಗೂಸುಗಳನ್ನು ಒಂದಾದಮೇಲೊಂದು ಕೊಲ್ಲುವುದೂ ಲೋಕದಲ್ಲಿ ಅತ್ಯಂತ ಅಪರೂಪವಲ್ಲವೆ? ಮೊದಲ ಸಾಲಿನ ಮಾತ್ರೆಯನ್ನು ಜೂರಿಯ ಮುಂದೆ ದೊಡ್ಡ ಸಂಖ್ಯೆಯಲ್ಲಿ ಸಾರಿದರು. ಎರಡನೆಯ ಸಾಲಿಗೆ ಎಷ್ಟು ಮಾತ್ರೆಯೆಂದು ಹೇಳಿ ಎರಡನ್ನೂ ತೂಗಿ ತೋರಿಸಿದವರಿಲ್ಲ.

೨೦೦೦ದಲ್ಲಿ ಮಾಡಿದ ಮೊದಲ ಅಪೀಲು ವಜಾ ಆಯಿತು. ೨೦೦೧ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಿತು. ಎರಡನೆಯ ಕೂಸಿನ ದೇಹದಲ್ಲಿ ಸೋಂಕಿನ ಗುರುತುಗಳನ್ನು ತೋರಿಸಿದ್ದ ಪರೀಕ್ಷೆಯ ಫಲಿತಾಂಶವನ್ನು ಪ್ರತಿವಾದಿಗಳಿಗೆ ತಿಳಿಸಿಯೇ ಇರಲಿಲ್ಲವೆಂಬುದೂ ಆಮೇಲೆ ಹೊರಬಿತ್ತು. ಮುಖ್ಯವಾಗಿ ಈ ಕಾರಣದಿಂದ ೨೦೦೩ರ ಜನವರಿಯಲ್ಲಿ ಮೇಲಿನ ನ್ಯಾಯಾಲಯ ತೀರ್ಪನ್ನು ರದ್ದುಮಾಡಿತು. ಆ ಸಂಖ್ಯೆಯನ್ನು ಜೂರಿಯ ಮುಂದೆ ಇಡಬಾರದಾಗಿತ್ತೆಂಬುದನ್ನೂ ಹೇಳಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆ ತಾಯಿ ಮನೆಗೆ ಬಂದರು. ೨೦೦೭ರ ಮಾರ್ಚಿಯಲ್ಲಿ ತೀರಿಕೊಂಡರು.